ಕೆಡ್ಡಸದ ದಿನ ಅಗೆದ ಟ್ಯೂಲಿಪ್

ಅವಳು ಮದುವೆಯಾಗಿ ಹೋದ ವರ್ಷ ನಮ್ಮ ಫ್ರಿಜ್ಜಿನ ತರಕಾರಿ ಡಬ್ಬಿ ಖಾಲಿಯಾಯಿತು. ಒಬ್ಬಳಿಗೆ ಎಷ್ಟು ತರಕಾರಿ ಬೇಕು? ಒಂದು ಸೌತೆಕಾಯಿ ತಂದರೆ ವಾರವಿಡೀ ಅದರದೇ ಸಾಂಬಾರು, ಅದರದೇ ಪಲ್ಯ. ಕೊನೆಕೊನೆಗೆ ಸೌತೆಕಾಯಿ ಕಂಡರೇ ಸಿಟ್ಟು ಬರುತ್ತದೆ. ಹಾಗಾಗಿ ತರಕಾರಿ ತರುವುದನ್ನೇ ಬಿಟ್ಟು, ಆ ಡಬ್ಬಿಯೊಳಗೆ ಟ್ಯೂಲಿಪ್ ಗೆಡ್ಡೆಗಳನ್ನು ಇಟ್ಟೆ.

‘ನಮ್ಮ ಫ್ರಿಜ್ಜು’ ಎಂದು ಬರೆದೆ ನೋಡಿ. ಇನ್ನೂ ಬಾಯಿಂದ ಹೋಗಿಲ್ಲ. ಕಬಕದಲ್ಲಿ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಬಾಡಿಗೆ ಮನೆಯಲ್ಲಿ ನಾವಿಬ್ಬರು ಗೆಳತಿಯರು ಬಹಳ ವರ್ಷ ಒಟ್ಟಿಗೆ ಇದ್ದೆವು. ನಾನು ಪುತ್ತೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವವಳು, ಅವಳು ಅದೇ ಆಸ್ಪತ್ರೆಯ ಮೆಡಿಕಲ್ಲಿನಲ್ಲಿ ಮಾತ್ರೆ ಎಣಿಸಿ ಕೊಡುವವಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ನನಗೆ ಬೇಡವಾಗಿತ್ತು, ಅವಳಿಗೆ ಕೂಡಿ ಬಂದಿರಲಿಲ್ಲ. ಇವೆರಡೂ ಒಂದೇ ಅಲ್ಲ ಎಂಬುದು ನನಗೆ ತಲೆಗೆ ಹೋದದ್ದು ಐವತ್ತರ ಹತ್ತಿರ ಅವಳಿಗೆ ಕಡಬದಿಂದ ಸಂಬಂಧ ಬಂದು, ಅವಳು ಸಂತೋಷದಿಂದ ಒಪ್ಪಿಕೊಂಡಾಗ. ಹುಡುಗ ಎನ್ನಬೇಕೋ ಏನೋ, ಹೆಂಡತಿ ತೀರಿಹೋದ, ಅಕ್ಕಿ ಬೇಳೆಯ ಜೀನಸು ಅಂಗಡಿಯವರೊಬ್ಬರು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ನನಗೆ ಬೈಯಲಾದರೂ ಅನುಕೂಲವಿತ್ತು.

ಮದುವೆಗೆ ನಾನೇ ಮುಂದೆ ನಿಂತು ಸೀರೆ ತೆಗೆಸಿದೆ, ಬ್ಲೌಸಿನ ಅಳತೆಗೆ ದರ್ಜಿಯ ಹತ್ತಿರ ಜಗಳ ಮಾಡಿದೆ. ಎಲ್ಲ ಮುಗಿಸಿ ಮನೆಗೆ ಬಂದು ಚಹಾ ಮಾಡಿದರೆ ಎರಡು ಲೋಟಕ್ಕಾಗುವಷ್ಟು ನೀರಿಟ್ಟಿದ್ದೆ. ಎರಡನ್ನೂ ನಾನೇ ಕುಡಿದೆ. ಆ ಸಂಜೆ ನನಗೆ ಬಂದದ್ದು ಅಳು ಅಲ್ಲ, ಕೋಪ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬಾರದ ಕೋಪ.

ಟ್ಯೂಲಿಪ್ಪಿನ ಹುಚ್ಚು ಹಿಡಿಸಿದವಳೂ ಅವಳೇ. ಒಂದು ಏಪ್ರಿಲ್‌ನಲ್ಲಿ ನಾವಿಬ್ಬರು ಪುತ್ತೂರಿನಿಂದ ಹೊರಟ ಟೂರಿನವರ ಜೊತೆ ಕಾಶ್ಮೀರಕ್ಕೆ ಹೋಗಿದ್ದೆವು. ಜೊತೆಗಿದ್ದವರೆಲ್ಲ ಅಲ್ಲಿಯೂ ಗಂಜಿ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದರು. ಅವಳು ಮಾತ್ರ ಟ್ಯೂಲಿಪ್ ತೋಟದಲ್ಲಿ ಬೇಲಿಗೆ ಕೈ ಕೊಟ್ಟು ನಿಂತವಳು, ಬಸ್ಸು ಹಾರ್ನ್ ಹೊಡೆದರೂ ಅಲ್ಲಾಡಲಿಲ್ಲ. “ನಮ್ಮ ಅಂಗಳದಲ್ಲಿ ಒಂದಾದ್ರೂ ಆಗ್ಬೇಕು ಮಾರಾಯ್ತಿ. ಚಟ್ಟಿಯಲ್ಲಿ ಅಲ್ಲ, ನೆಲದಲ್ಲಿ” ಎಂದಳು. “ನಿನ್ನ ತಲೆ. ನಮ್ಮಲ್ಲಿ ಅದು ಬೆಂದು ಪಲ್ಯ ಆಗ್ತದೆ” ಎಂದೆ ನಾನು. ಊರಿಗೆ ಬಂದ ಮೇಲೆ ಅವಳು ವರ್ಷವೂ ತರಿಸುತ್ತೇನೆ, ತರಿಸುತ್ತೇನೆ ಎನ್ನುತ್ತಿದ್ದಳು. ತರಿಸುವ ಮೊದಲು ಮದುವೆಯಾಯಿತು.

ಅವಳು ಹೋಗಿ ಕೆಲವು ತಿಂಗಳಾದ ಮೇಲೆ, ನವೆಂಬರಿನಲ್ಲಿ, ನಾನೇ ಫೋನಿನಲ್ಲಿ ಹುಡುಕಿ ಗೆಡ್ಡೆ ತರಿಸಿದೆ. ತರಿಸಿದ ದಿನವೇ ಅವಳಿಗೆ ಫೋನು ಮಾಡಿದೆ.

“ಹೌದಾ? ನಿಜ ಹೇಳ್ತಿಯಾ? ಹೂ ಬಿಟ್ಟ ದಿನ ನಾನು ಬರ್ತೇನೆ. ದೇವರಾಣೆ ಬರ್ತೇನೆ” ಎಂದಳು.

ಮದುವೆಯಾದ ಮೇಲೆ ಅವಳು ಒಮ್ಮೆಯೂ ಕಬಕಕ್ಕೆ ಬಂದಿರಲಿಲ್ಲ. ಪುತ್ತೂರಿಗೆ ಬಂದರೂ ಗಂಡನ ಜೊತೆ ಅಂಗಡಿಯ ಸಾಮಾನಿಗೆಂದು ಬಂದು, ನನ್ನ ಲ್ಯಾಬಿನ ಬಾಗಿಲಲ್ಲಿ ನಿಂತು ಮುಖ ತೋರಿಸಿ ಹೋಗುತ್ತಿದ್ದಳು. ಹಾಗಾಗಿ ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಹೂ ಬಿಟ್ಟರೆ ಅವಳು ಬರುತ್ತಾಳೆ. ಆ ಚಳಿಗಾಲವಿಡೀ ನನ್ನ ಬದುಕು ಇದ್ದದ್ದು ಇಷ್ಟೇ.

ಟ್ಯೂಲಿಪ್ಪಿಗೆ ಚಳಿ ಬೇಕು. ಚಳಿ ಕಾಣದೆ ಅದರ ಗೆಡ್ಡೆಯೊಳಗಿನ ಮೊಗ್ಗು ಎಚ್ಚರವಾಗುವುದಿಲ್ಲ. ನಮ್ಮೂರಿನ ಚಳಿ ಎಂದರೆ ಡಿಸೆಂಬರಿನ ಬೆಳಿಗ್ಗೆ ಹೆಗಲಿಗೊಂದು ಬೈರಾಸು ಹಾಕಿಕೊಳ್ಳುವಷ್ಟು. ಹಾಗಾಗಿ ಫ್ರಿಜ್ಜೇ ಗತಿ. ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ, ಲ್ಯಾಬಿನಲ್ಲಿ ಬಳಸದೆ ಬಿದ್ದಿದ್ದ ಒಂದು ಥರ್ಮಾಮೀಟರನ್ನು ಪಕ್ಕದಲ್ಲಿಟ್ಟೆ. ರಕ್ತದ ಬಾಟಲಿಗೂ ಅಷ್ಟು ಉಪಚಾರ ಮಾಡಿದವಳಲ್ಲ ನಾನು. ಹಣ್ಣು ಪಕ್ಕದಲ್ಲಿ ಇರಬಾರದು ಎಂಬುದು ಇನ್ನೊಂದು ನಿಯಮ. ಹಣ್ಣಾಗುವ ಬಾಳೆಯ ಗಾಳಿ ಸೋಕಿದರೆ ಒಳಗಿನ ಮೊಗ್ಗು ಸಾಯುತ್ತದಂತೆ. ನಮ್ಮ ಕಡೆ ಹಣ್ಣಿಲ್ಲದ ಮನೆ ಎಲ್ಲಿದೆ? ಮನೆಯೊಡತಿ ಅಕ್ಕ ಇರುವುದು ಪಕ್ಕದ ಮನೆಯಲ್ಲೇ, ವಾರಕ್ಕೊಮ್ಮೆ ಕದಳಿ ಬಾಳೆಹಣ್ಣು ತಂದು ಕೊಡುತ್ತಾರೆ. ನಾನು ಅದನ್ನು ಹೊರಗೆ ಜಗಲಿಯಲ್ಲಿ ತೂಗು ಹಾಕತೊಡಗಿದೆ.

“ಗೆಡ್ಡೆಯನ್ನು ಫ್ರಿಜ್ಜಲ್ಲಿ ಇಟ್ಟು ಹಣ್ಣನ್ನು ಬಾವಲಿಗೆ ಹಾಕುದಾ? ನಿನಗೆ ಎಂತ ಆಗಿದೆ ಮಾರಾಯ್ತಿ?” ಎಂದರು ಅವರು.

“ಚಳಿ ಆಗ್ಬೇಕು ಅಕ್ಕಾ ಅದಕ್ಕೆ.”

“ಹಾಗಾದ್ರೆ ಚಳಿ ಇರುವಲ್ಲೇ ಇರ್ಲಿ ಅದು. ನಮ್ಮಲ್ಲಿ ಬೆಳೆಯುದಕ್ಕೆ ಬೇರೆ ಎಂತ ಇಲ್ವಾ?”

ಅವರು ಹೇಳಿದ್ದು ಸರಿಯೇ. ಆದರೆ ಸರಿಯಾದ ಮಾತು ಕೇಳುವ ಮನಸ್ಸು ನನಗಿರಲಿಲ್ಲ.

ಜನವರಿಯ ಆರಂಭಕ್ಕೆ ಗೆಡ್ಡೆಗಳ ತುದಿಯಲ್ಲಿ ಬಿಳಿ ಮೊಳಕೆ ಕಂಡಿತು. ಅಂಗಳದ ಪೂರ್ವದ ಬದಿಯಲ್ಲಿ, ಮಧ್ಯಾಹ್ನದ ಮೇಲೆ ಮನೆಯ ನೆರಳು ಬೀಳುವ ಜಾಗದಲ್ಲಿ, ಪಿಕ್ಕಾಸಿನಿಂದ ಅಗೆದೆ. ನಮ್ಮದು ಮುರಕಲ್ಲಿನ ಮಣ್ಣು, ಒಂದು ಗೇಣು ಅಗೆಯುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಆ ಕೆಂಪು ಮಣ್ಣನ್ನು ತೆಗೆದು, ಹೊಳೆಯ ಹೊಯಿಗೆ ಮತ್ತು ಹಳೆಯ ಸೆಗಣಿಗೊಬ್ಬರದ ಪುಡಿ ಬೆರೆಸಿ ತುಂಬಿಸಿದೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ನೀರು ಬತ್ತಿದರೆ ಒಣಗುತ್ತದೆ; ಇಂಥ ನಾಜೂಕಿನವರನ್ನು ಮನುಷ್ಯರಲ್ಲೂ ನೋಡಿದ್ದೇನೆ. ಮೊಳಕೆ ಮೇಲೆ ಮಾಡಿ ನೆಟ್ಟು, ಸುತ್ತ ಅಡಿಕೆ ಹಾಳೆ ಕಟ್ಟಿ ಮರೆ ಮಾಡಿದೆ. ಹೆಗ್ಗಣ ಬಾರದ ಹಾಗೆ, ಮೀನಿನವರು ಬಿಟ್ಟುಹೋದ ಪ್ಲಾಸ್ಟಿಕ್ ಕ್ರೇಟನ್ನು ರಾತ್ರಿ ಹೊತ್ತಿಗೆ ಕವುಚಿ ಹಾಕುತ್ತಿದ್ದೆ. ಹಗಲು ನವಿಲಿನ ಕಾಟ. ಈಗ ನಮ್ಮಲ್ಲಿ ಕೋಳಿಗಿಂತ ನವಿಲೇ ಹೆಚ್ಚು, ಕಾಲಿನಿಂದ ಕೆದಕಿ ಹಾಕುತ್ತವೆ. ದೇವರ ವಾಹನವೆಂದು ಕಲ್ಲೆಸೆಯಲೂ ಕೈ ಬರುವುದಿಲ್ಲ, ಬಾಯಲ್ಲಿ ಬೈದು ಓಡಿಸುತ್ತಿದ್ದೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಫ್ರಿಜ್ಜಿನ ಮಂಜುಗಡ್ಡೆಯ ತುಂಡುಗಳನ್ನು ತಂದು ಗಿಡದ ಬುಡದ ಸುತ್ತ ಇಡುತ್ತಿದ್ದೆ. ಒಂದು ದಿನ ಅದನ್ನು ಮನೆಯೊಡತಿ ಅಕ್ಕ ನೋಡಿದರು. ಬೈಯಬಹುದಾದ ಹಂತ ದಾಟಿದ್ದೇನೆ ಎಂದುಕೊಂಡರೋ ಏನೋ, ಆ ಸಂಜೆ ಒಂದು ಪಾತ್ರೆ ಪಾಯಸ ಕೊಟ್ಟು ಹೋದರು.

ಕೆಲವು ಗೆಡ್ಡೆಗಳು ಕೊಳೆತವು. ಕೆಲವು ಎರಡು ಎಲೆ ಬಿಟ್ಟು ಅಲ್ಲಿಗೇ ನಿಂತವು. ಒಂದರಲ್ಲಿ ಮಾತ್ರ, ಎಲೆಗಳ ನಡುವೆ, ಹಸಿರು ಮೊಗ್ಗು ಕಾಣಿಸಿತು. ಕಾಶ್ಮೀರದಲ್ಲಿ ಮೊಣಕಾಲೆತ್ತರ ಇದ್ದ ಹೂ ಇಲ್ಲಿ ಗೇಣುದ್ದ ಬೆಳೆಯುವಷ್ಟರಲ್ಲಿ ಸುಸ್ತಾಗಿತ್ತು. ಆದರೂ ಮೊಗ್ಗು ಮೊಗ್ಗೇ. ದಿನವೂ ಕೆಲಸಕ್ಕೆ ಹೋಗುವ ಮುಂಚೆ ಬಾಗಿ ನೋಡುತ್ತಿದ್ದೆ, ಸಂಜೆ ಬ್ಯಾಗನ್ನು ಹೆಗಲಿನಿಂದ ಇಳಿಸದೆ ಬಾಗಿ ನೋಡುತ್ತಿದ್ದೆ. ಅವಳ ಮಂಚಕ್ಕೆ ಹೊಸ ಹಾಸು ಹಾಕಿದೆ. ಅವಳಿಗೆ ಇಷ್ಟವೆಂದು ಒಣ ಸಿಗಡಿ ತಂದಿಟ್ಟೆ. ಹಸಿರು ಹೋಗಿ ಮೊಗ್ಗಿನ ಬದಿಯಲ್ಲಿ ಕೆಂಪು ಗೆರೆ ಮೂಡಿದ ದಿನ ಫೋನು ಮಾಡಿದೆ.

“ನಾಡಿದ್ದು ಅರಳ್ತದೆ. ಹೊರಡು.”

“ನಾಳೆಯಿಂದ ಕೆಡ್ಡಸ ಅಲ್ವಾ” ಎಂದಳು.

ಕೆಡ್ಡಸ ನಮ್ಮ ತುಳುನಾಡಿನಲ್ಲಿ ಫೆಬ್ರವರಿಯಲ್ಲಿ ಬರುವ ಮೂರು ದಿನ. ಭೂಮಿ ಮುಟ್ಟಾಗುವ ದಿನಗಳು ಎಂದು ನಂಬಿಕೆ. ಆಗ ಮಣ್ಣು ಅಗೆಯಬಾರದು, ಉಳಬಾರದು, ಹಸಿರು ಕಡಿಯಬಾರದು. ಭೂಮಿ ಸುಮ್ಮನೆ ಮಲಗಿರಬೇಕು. ಮೂರು ದಿನ ಕಳೆದ ಮರುದಿನ ಬೆಳಿಗ್ಗೆ ಮನೆಯ ಹೆಂಗಸು ಅಂಗಳದಲ್ಲಿ ನೆಲಕ್ಕೆ ಎಣ್ಣೆ ಬಿಟ್ಟು, ಅರಸಿನ, ಸೀಗೆಪುಡಿ ಇಟ್ಟು ಭೂಮಿಯನ್ನು ಮೀಯಿಸುತ್ತಾಳೆ, ಆಮೇಲೆಯೇ ಅಗೆಯುವುದು. ಬಾಡಿಗೆ ಮನೆಯಲ್ಲಿದ್ದ ನಮಗಿಬ್ಬರಿಗೆ ಕೆಡ್ಡಸವೆಂದರೆ ಪಕ್ಕದ ಮನೆಯಿಂದ ಬರುವ ಹುರಿದ ಅಕ್ಕಿ, ಬೆಲ್ಲದ ಪುಡಿ ಅಷ್ಟೇ. ಒಂದು ವರ್ಷ ಆ ದಿನವೇ ಬಸಳೆ ಚಪ್ಪರಕ್ಕೆ ಗುಂಡಿ ತೆಗೆದು ಮನೆಯೊಡತಿಯ ಕೈಯಲ್ಲಿ ಬೈಸಿಕೊಂಡು, ಒಳಗೆ ಬಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

“ನಿನಗೆ ಯಾವಾಗಿಂದ ಕೆಡ್ಡಸ?” ಎಂದೆ.

“ಅತ್ತೆಗೆ ಬಗ್ಗುದಕ್ಕೆ ಆಗುದಿಲ್ಲ ಮಾರಾಯ್ತಿ. ಈ ಸಲ ನೀನೇ ಎಣ್ಣೆ ಬಿಡ್ಬೇಕು ಅಂತ ಹೇಳಿದ್ದಾರೆ. ಮೊದಲನೇ ವರ್ಷ ಅಲ್ವಾ, ಹೇಗೆ ಬಿಟ್ಟು ಬರುದು? ಅದೊಂದು ಮುಗೀಲಿ.”

“ಅದು ಮುಗಿಯುವಷ್ಟರಲ್ಲಿ ಹೂ ಮುಗೀತದೆ.”

“ಅಷ್ಟು ಬೇಗ ಎಂತ ಆಗ್ತದೆ? ಈಗ ಒಂದು ಫೋಟೋ ಕಳಿಸು.”

ನಾನು ಫೋನಿಟ್ಟೆ. ಫೋಟೋ ಕಳಿಸಲಿಲ್ಲ. ಇಡೀ ಚಳಿಗಾಲ ಫ್ರಿಜ್ಜಿಗೆ ಕಾವಲು ಕುಳಿತದ್ದು ಫೋಟೋಗೆ ಅಲ್ಲ.

ಹೂ ಅರಳಿತು. ಕೆಂಪು, ಬುಡದಲ್ಲಿ ಹಳದಿ. ಬೆಳಿಗ್ಗೆ ಮುಚ್ಚಿದ ಬಟ್ಟಲಿನ ಹಾಗೆ ಇದ್ದದ್ದು, ಬಿಸಿಲೇರುತ್ತಿದ್ದಂತೆ ದಳಗಳನ್ನು ಅಗಲಿಸಿ ಬಾಯಿ ಬಿಟ್ಟು ಕೂರುತ್ತಿತ್ತು. ಸಂಜೆಗೆ ಮತ್ತೆ ಮುಚ್ಚುತ್ತಿತ್ತು. ಮನೆಯೊಡತಿ ಅಕ್ಕ ಬಂದು ನೋಡಿ, “ಚಂದ ಉಂಟು. ಪರಿಮಳ ಇಲ್ಲ” ಎಂದರು. ಅಷ್ಟು ಹೊತ್ತು ಅದರ ಮುಂದೆ ಒಬ್ಬಳೇ ಕುಳಿತಿದ್ದ ನನಗೆ, ಇಷ್ಟು ಚಂದದ ವಸ್ತುವನ್ನು ಒಬ್ಬಳೇ ನೋಡುವುದು ಎಷ್ಟು ಕಷ್ಟ ಎಂದು ಮೊದಲ ಬಾರಿ ಗೊತ್ತಾಯಿತು. ಪಕ್ಕದಲ್ಲಿ “ಹೋ!” ಎನ್ನಲು ಒಬ್ಬರಿಲ್ಲದಿದ್ದರೆ ಹೂವೂ ಬರೀ ಒಂದು ಸಾಮಾನು.

ಕೆಡ್ಡಸದ ಕೊನೆಯ ಸಂಜೆ ಅದು ಮುಚ್ಚಲಿಲ್ಲ. ದಳಗಳು ಹಾಗೇ ಅಗಲವಾಗಿ ಉಳಿದವು. ಇನ್ನು ಒಂದು ಹಗಲು, ಹೆಚ್ಚೆಂದರೆ. ಅವಳು ಬರುವುದಿಲ್ಲವಾದರೆ ಅದನ್ನೇ ಅವಳಲ್ಲಿಗೆ ಒಯ್ಯುತ್ತೇನೆ ಎಂದು ನಿಶ್ಚಯ ಮಾಡಿದೆ. ಕತ್ತರಿಸಿದರೆ ಬಸ್ಸಿನಲ್ಲೇ ಬಾಡುತ್ತದೆ. ಬುಡದೊಂದಿಗೆ ಮಣ್ಣು ಸಮೇತ ತೆಗೆಯಬೇಕು. ಮರುದಿನ ಬೆಳಕು ಹರಿಯುತ್ತಲೇ ಕತ್ತಿ ಹಿಡಿದು ಅಂಗಳಕ್ಕೆ ಇಳಿದೆ. ಪಕ್ಕದ ಅಂಗಳದಲ್ಲಿ ಮನೆಯೊಡತಿ ಅಕ್ಕ ಸೆಗಣಿ ಸಾರಿಸುತ್ತಿದ್ದರು, ಭೂಮಿಗೆ ಇನ್ನೂ ಎಣ್ಣೆ ಬಿಟ್ಟಿರಲಿಲ್ಲ.

“ಈಗ ಬೇಡ ಮಾರಾಯ್ತಿ. ಒಂದರ್ಧ ಗಂಟೆ ನಿಲ್ಲು, ಮೀಯಿಸಿ ಆಗ್ಲಿ. ಮತ್ತೆ ಎಷ್ಟು ಬೇಕಾದ್ರೂ ಅಗಿ” ಎಂದರು.

“ಬಸ್ಸು ತಪ್ತದೆ ಅಕ್ಕಾ.”

“ಬಸ್ಸು ಇನ್ನೊಂದು ಬರ್ತದೆ.”

ಕೇಳಲಿಲ್ಲ. ಮಣ್ಣು ಅಷ್ಟು ದಿನ ನಾನೇ ಹದ ಮಾಡಿದ್ದು, ಬೆಣ್ಣೆಯ ಹಾಗೆ ಕತ್ತಿ ಇಳಿಯಿತು. ಮುದ್ದೆಯನ್ನು ಹಾಳೆಯಲ್ಲಿ ಸುತ್ತಿ, ಹಳೆಯ ಪೇಂಟಿನ ಡಬ್ಬಿಯಲ್ಲಿ ಕೂರಿಸಿ, ಸುಬ್ರಹ್ಮಣ್ಯದ ಬಸ್ಸು ಹತ್ತಿದೆ.

ಬಸ್ಸಿನ ತುಂಬ ದೇವಸ್ಥಾನಕ್ಕೆ ಹೋಗುವವರು. ಉಪ್ಪಿನಂಗಡಿಯವರೆಗೆ ನಿಂತೇ ಹೋದೆ, ಡಬ್ಬಿಯನ್ನು ಎದೆಗೆ ಒತ್ತಿಕೊಂಡು. ಘಟ್ಟದ ಮೇಲಿನಿಂದ ಬಂದ ಒಬ್ಬರು ಹೆಂಗಸು, “ದೇವರಿಗಾ?” ಎಂದು ಕೇಳಿದರು. “ಅಲ್ಲ, ಗೆಳತಿಗೆ” ಎಂದೆ. ಕಂಡಕ್ಟರ್ ಬಗ್ಗಿ ನೋಡಿ, “ಪ್ಲಾಸ್ಟಿಕ್ಕಾ ಮೇಡಂ?” ಎಂದ. ಬೇರೆ ದಿನವಾದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು ನನಗೆ ಎಷ್ಟು ಸಂತೋಷವಾಗಿತ್ತೆಂದರೆ ನಕ್ಕುಬಿಟ್ಟೆ. ಅವಳ ಮುಖ ಹೇಗಾಗುತ್ತದೆ ಎಂದು ಯೋಚಿಸುತ್ತ ಆಲಂಕಾರು ದಾಟಿದ್ದೇ ಗೊತ್ತಾಗಲಿಲ್ಲ.

ಕಡಬದಲ್ಲಿ ಇಳಿದು, ರಿಕ್ಷಾ ಹಿಡಿದು ಹೋದೆ. ಅಂಗಳದಲ್ಲಿ ತುಳಸಿಕಟ್ಟೆಯ ಮುಂದೆ ಅವಳು ಬಗ್ಗಿದ್ದಳು. ಒದ್ದೆ ಕೂದಲಿನ ತುದಿಗೆ ಗಂಟು, ಸೀರೆಯ ಸೆರಗು ಸೊಂಟಕ್ಕೆ. ಮುಂದೆ ಸಾರಿಸಿದ ನೆಲದ ಮೇಲೆ ಎಣ್ಣೆಯ ಬಟ್ಟಲು, ಅರಸಿನ, ಸೀಗೆಪುಡಿ, ಕನ್ನಡಿ, ಬಾಚಣಿಗೆ. ಜಗಲಿಯಲ್ಲಿ ಕುಳಿತ ಅತ್ತೆ ಯಾವುದಾದ ಮೇಲೆ ಯಾವುದು ಎಂದು ಹೇಳಿಕೊಡುತ್ತಿದ್ದರು. ರಜೆಯ ದಿನ ನಮ್ಮ ಮನೆಯಲ್ಲಿ ಹನ್ನೊಂದರವರೆಗೆ ನೈಟಿಯಲ್ಲೇ ಇರುತ್ತಿದ್ದ ಅವಳನ್ನು ಹಾಗೆ ನೋಡಿ, ಯಾರದೋ ಮನೆಗೆ ಬಂದೆ ಅನ್ನಿಸಿತು.

ಅವಳು ತಲೆ ಎತ್ತಿದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಹೂವನ್ನು, ಆಮೇಲೆ ಡಬ್ಬಿಯ ಅಂಚಿನಿಂದ ಉದುರುತ್ತಿದ್ದ ಹಸಿ ಮಣ್ಣನ್ನು. ಅವಳ ಮುಖ ಬಿಳಿಚಿತು.

“ಇವತ್ತು ಅಗೆದದ್ದಾ?” ಎಂದು ಪಿಸುಗುಟ್ಟಿದಳು.

ನಾನು ಉತ್ತರ ಕೊಡುವ ಮುಂಚೆ ಅವಳೇ ಜಗಲಿಯ ಕಡೆ ತಿರುಗಿ, “ಅತ್ತೇ, ಪುತ್ತೂರಿನಿಂದ ಬಂದ್ರು. ಡಬ್ಬಿಯಲ್ಲೇ ಬೆಳೆಸಿದ ಹೂ ಅಂತೆ” ಎಂದು ಜೋರಾಗಿ ಹೇಳಿದಳು. ಆಮೇಲೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದು ಸಾರಿಸಿದ ನೆಲದ ಬದಿಯಲ್ಲಿಟ್ಟಳು. ನೆಲಕ್ಕೆ ಎಣ್ಣೆ ಬಿಟ್ಟವಳು, ಯಾರಿಗೂ ಕಾಣದ ಹಾಗೆ ಡಬ್ಬಿಯೊಳಗಿನ ಆ ಹಿಡಿ ಮಣ್ಣಿಗೂ ಎಣ್ಣೆ ಬಿಟ್ಟಳು, ಚಿಟಿಕೆ ಅರಸಿನ ಹಾಕಿದಳು, ಬೆರಳಿನಿಂದ ಮೆಲ್ಲಗೆ ಸವರಿದಳು. ನೋವಾದ ಮಗುವಿಗೆ ಸವರಿದ ಹಾಗೆ. ಅವಳ ತುಟಿ ಏನೋ ಹೇಳುತ್ತಿತ್ತು. ಇದು ಅತ್ತೆಯ ಹೆದರಿಕೆಯಲ್ಲ, ಅವಳೇ ನಂಬಿ ಮಾಡುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಬಸಳೆಯ ಗುಂಡಿಗೆ ನನ್ನ ಜೊತೆ ನಕ್ಕವಳು ಈಗ ಇಲ್ಲಿಯವಳಾಗಿದ್ದಳು.

ಎಲ್ಲ ಮುಗಿಸಿ ಕೈ ತೊಳೆದ ಮೇಲೆ ಅವಳು ಹೂವಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. ಅದೇ ಹಳೆಯ ಮುಖ, ಕಾಶ್ಮೀರದ ಬೇಲಿಯ ಹತ್ತಿರದ್ದು. “ಅಬ್ಬಾ, ನಿಜವಾಗಿ ಮಾಡಿಬಿಟ್ಟಿಯಲ್ಲ ಮಾರಾಯ್ತಿ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಂಗಡಿಯಿಂದ ಗಂಡನನ್ನು ಕರೆಸಿ ತೋರಿಸಿದಳು. ಅತ್ತೆ ಗೋಡೆ ಹಿಡಿದುಕೊಂಡು ಬಂದು ನೋಡಿದರು. ಎಲ್ಲರೂ “ಹೋ!” ಎಂದರು. ನಾನು ಬಯಸಿದ್ದೆಲ್ಲ ಆಯಿತು, ಆದದ್ದು ಮಾತ್ರ ಬೇರೆಯವರ ಅಂಗಳದಲ್ಲಿ.

ಮಧ್ಯಾಹ್ನ ನುಗ್ಗೆ, ಬದನೆಯ ಪದಾರ್ಥದ ಊಟ. ಬಿಸಿಲಿಗೆ ಒಂದೊಂದೇ ದಳ ಕಳಚತೊಡಗಿತ್ತು. ಇನ್ನು ಅಗೆಯಬಹುದಲ್ಲ ಎಂದು ಅವಳು ಮಲ್ಲಿಗೆಯ ಬದಿಯಲ್ಲಿ ಗುಂಡಿ ಮಾಡಿ ಗೆಡ್ಡೆಯನ್ನು ನೆಟ್ಟಳು. ನಮ್ಮ ಸೆಕೆಯಲ್ಲಿ ಅದು ಮತ್ತೆ ಹೂ ಬಿಡುವುದಿಲ್ಲ, ಮಳೆಗಾಲದಲ್ಲಿ ಕೊಳೆತು ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ನೀರು ಹೊಯ್ಯಲು ಚೆಂಬು ತಂದು ಕೊಟ್ಟೆ.

“ಇನ್ನು ನಾನು ನೋಡಿಕೊಳ್ತೇನೆ. ಬರುವ ವರ್ಷ ಹೂ ಬಿಟ್ರೆ ಫೋನ್ ಮಾಡ್ತೇನೆ, ನೀನು ಬಾ” ಎಂದಳು.

ಬಸ್‌ಸ್ಟ್ಯಾಂಡಿಗೆ ಅವಳೇ ನಡೆದು ಬಂದಳು. ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡು, ನಗುತ್ತ, ಯಾವ ಭಾರವೂ ಇಲ್ಲದೆ ಹೇಳಿದಳು: “ನಿನಗೆ ಒಂದು ದಿನ ತಡೆಯುದಕ್ಕೆ ಆಗ್ಲಿಲ್ಲ ಅಲ್ವಾ? ನಾಳೆ ನಾನೇ ಬರುವವಳಿದ್ದೆ. ಹೂ ಬಾಡಿದ್ರೂ ಬಾಡ್ಲಿ, ನಾಲ್ಕು ದಿನ ನಿಂತು ಬರ್ತೇನೆ ಅಂತ ಇವರ ಹತ್ರ ಹೇಳಿ, ಬ್ಯಾಗಿಗೆ ಬಟ್ಟೆ ಸಹ ತುಂಬಿಸಿ ಆಗಿತ್ತು. ಈಗ ಹೂವೇ ಇಲ್ಲಿಗೆ ಬಂತಲ್ಲ. ಇನ್ನು ಎಂತಕ್ಕೆ ಬರುದು?”

“ಹೌದು. ಇನ್ನು ಎಂತಕ್ಕೆ” ಎಂದೆ.

ನಾಲಗೆ ಕಚ್ಚಿಕೊಂಡರೂ ಆ ಮಾತು ಹೊರಗೆ ಬಿದ್ದಾಗಿತ್ತು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸು ಇನ್ನೊಂದು ಬರುತ್ತದೆ ಎನ್ನುವವರು ಆಗ ಪಕ್ಕದಲ್ಲಿರಲಿಲ್ಲ, ಹತ್ತಿದೆ. ಕಿಟಕಿಯ ಬದಿಗೆ ಕುಳಿತು ನೋಡಿದರೆ ಅವಳು ಆಗಲೇ ಸೆರಗು ಸರಿಮಾಡಿಕೊಂಡು ರಸ್ತೆ ದಾಟುತ್ತಿದ್ದಳು. ಇಡೀ ಚಳಿಗಾಲ ನಾನು ಅವಳನ್ನು ಕರೆದದ್ದು ಹೂ ನೋಡಲು. ನನಗೆ ಒಬ್ಬಳಿಗೆ ಆಗುವುದಿಲ್ಲ, ನನ್ನನ್ನು ನೋಡಲು ಬಾ ಎಂದು ಒಂದು ಸಲವೂ ಕರೆದಿರಲಿಲ್ಲ. ಈಗಲಾದರೂ ಹೇಳಿಬಿಡುತ್ತೇನೆ ಎಂದು, ಬಸ್ಸು ಪೇಟೆ ದಾಟುವ ಮೊದಲೇ ಫೋನು ಹಚ್ಚಿದೆ.

“ಎಂತ? ಏನಾದ್ರೂ ಬಿಟ್ಟು ಹೋದೆಯಾ?” ಎಂದಳು.

“ಇಲ್ಲ. ಕೂರಲಿಕ್ಕೆ ಸೀಟು ಸಿಕ್ಕಿತು ಅಂತ ಹೇಳಲಿಕ್ಕೆ ಮಾಡಿದೆ” ಎಂದೆ.